ಯಾರೂ ಕಂಡುಹಿಡಿಯದ ಆಟ: ಬೇಸ್‌ಬಾಲಿನ ಹಳೆಯ ಮನೆ



ಅರಸರ ಚರಿತ್ರೆಗೆ, ಯುದ್ಧಗಳ ಚರಿತ್ರೆಗೆ, ಶಾಸನಗಳ ಚರಿತ್ರೆಗೆ ನಮ್ಮಲ್ಲಿ ವೇದಿಕೆಗಳು ಬಹಳ ಇವೆ. ಮಕ್ಕಳು ಬಯಲಿನಲ್ಲಿ ಆಡಿದ್ದಕ್ಕೂ ಒಂದು ಚರಿತ್ರೆಯಿದೆ, ಅದನ್ನೂ ಅಷ್ಟೇ ಶ್ರದ್ಧೆಯಿಂದ ಕೆದಕಬೇಕು ಎಂದು ನಂಬಿರುವವನು ನಾನು. ಇವತ್ತು ಒಂದೇ ಆಟದ ಹುಟ್ಟನ್ನು ತೆಗೆದುಕೊಂಡು ಆ ನಂಬಿಕೆಯನ್ನು ನಿಮ್ಮ ಮುಂದೆ ಇಡುತ್ತೇನೆ. ನಮ್ಮಲ್ಲಿ ಅಷ್ಟಾಗಿ ಆಡದ, ಆದರೆ ಹೆಸರು ಎಲ್ಲರಿಗೂ ಗೊತ್ತಿರುವ ಬೇಸ್‌ಬಾಲ್ ಆ ಆಟ.

ಮೊದಲು ಆಟದ ಅಸ್ಥಿಪಂಜರವನ್ನಷ್ಟೇ ಹೇಳಿಬಿಡುತ್ತೇನೆ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಅದನ್ನು ದಾಂಡಿನಿಂದ ಹೊಡೆಯುತ್ತಾನೆ, ಹೊಡೆದವನು ಓಡುತ್ತಾನೆ. ಕ್ರಿಕೆಟಿನಲ್ಲಿ ಎರಡು ತುದಿಗಳ ನಡುವೆ ಹೋಗಿಬರುವ ಓಟ. ಇಲ್ಲಿ ನೆಲದ ಮೇಲೆ ಗುರುತಿಟ್ಟ ತಾಣಗಳನ್ನು ಒಂದೊಂದಾಗಿ ಮುಟ್ಟಿಕೊಂಡು, ಸುತ್ತು ಹಾಕಿ, ಹೊರಟ ಜಾಗಕ್ಕೇ ಮರಳುವ ಓಟ. ತಾಣದ ಮೇಲೆ ನಿಂತವನಿಗೆ ಅಭಯ, ತಾಣ ಬಿಟ್ಟವನಿಗೆ ಅಪಾಯ. ಮನೆ ಬಿಟ್ಟು ಹೊರಟು ಮನೆಗೆ ಮರಳುವ ಈ ಸುತ್ತೇ ಬೇಸ್‌ಬಾಲಿನ ಜೀವ. ಉಳಿದದ್ದೆಲ್ಲ ಆಮೇಲೆ ಸೇರಿಕೊಂಡದ್ದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಇದರ ಮೂಲದ ಬಗ್ಗೆ ಒಂದು ಜಗಳ ಎದ್ದಿತು. ಒಂದು ಕಡೆ ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋಗಿ, ಅಲ್ಲಿ ಬೇಸ್‌ಬಾಲಿನ ಅತ್ಯಂತ ಗೌರವಾನ್ವಿತ ಪತ್ರಕರ್ತನಾದವನು. ತಾನು ಚಿಕ್ಕಂದಿನಲ್ಲಿ ಇಂಗ್ಲೆಂಡಿನಲ್ಲಿ ಆಡಿದ ರೌಂಡರ್ಸ್ ಎಂಬ ಆಟದಿಂದಲೇ ಬೇಸ್‌ಬಾಲ್ ಬಂದದ್ದು ಎಂದು ಅವನು ಬರೆದ. ಇನ್ನೊಂದು ಕಡೆ ಆಲ್ಬರ್ಟ್ ಸ್ಪಾಲ್ಡಿಂಗ್. ಹಿಂದೆ ಹೆಸರಾಂತ ಆಟಗಾರ, ಆಮೇಲೆ ಕ್ರೀಡಾ ಸಾಮಗ್ರಿಗಳ ದೊಡ್ಡ ವ್ಯಾಪಾರಿ. ಅಮೆರಿಕದ ರಾಷ್ಟ್ರೀಯ ಆಟಕ್ಕೆ ಇಂಗ್ಲಿಷ್ ಮಕ್ಕಳ ಆಟವೊಂದು ತಾಯಿ ಎಂಬ ಮಾತು ಅವನಿಗೆ ಸಹ್ಯವಾಗಲಿಲ್ಲ. ಇಬ್ಬರೂ ಸ್ನೇಹಿತರೇ. ಚಾಡ್ವಿಕ್ ಸಂಪಾದಿಸುತ್ತಿದ್ದ ವಾರ್ಷಿಕ ಕೈಪಿಡಿಯನ್ನು ಪ್ರಕಟಿಸುತ್ತಿದ್ದದ್ದು ಸ್ಪಾಲ್ಡಿಂಗನ ಸಂಸ್ಥೆ. ವಾದ ಮುಗಿಯದಿದ್ದಾಗ 1905ರಲ್ಲಿ ಒಂದು ಸಮಿತಿ ರಚನೆಯಾಯಿತು. ಅಬ್ರಹಾಂ ಮಿಲ್ಸ್ ಎಂಬವನು ಮುಂದಾಳು. ಹಾಗಾಗಿ ಅದಕ್ಕೆ ಮಿಲ್ಸ್ ಆಯೋಗ ಎಂದೇ ಹೆಸರು.

ಗೊತ್ತಿದ್ದವರು ಬರೆದು ತಿಳಿಸಿ ಎಂದು ಕರೆ ಹೋಯಿತು. ಬಂದ ಪತ್ರಗಳಲ್ಲಿ ಒಂದು ಆಬ್ನರ್ ಗ್ರೇವ್ಸ್ ಎಂಬ ಗಣಿ ಎಂಜಿನಿಯರನದು. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ತಾನು ಬಾಲಕನಾಗಿದ್ದಾಗ ಆಬ್ನರ್ ಡಬಲ್‌ಡೇ ಎಂಬವನು ಈ ಆಟವನ್ನು ರೂಪಿಸಿದ್ದನ್ನು ಕಂಡೆ ಎಂಬುದು ಪತ್ರದ ಸಾರಾಂಶ. ಆಯೋಗ ಅದನ್ನು ಹಿಡಿದುಕೊಂಡಿತು. 1907ರ ಕೊನೆಯಲ್ಲಿ ತೀರ್ಮಾನ ಹೊರಬಿತ್ತು: 1839ರಲ್ಲಿ, ಕೂಪರ್ಸ್‌ಟೌನ್‌ನಲ್ಲಿ, ಡಬಲ್‌ಡೇ ಬೇಸ್‌ಬಾಲನ್ನು ಹುಟ್ಟುಹಾಕಿದ.

ಈ ತೀರ್ಮಾನದ ಕೆಳಗೆ ನೆಲವೇ ಇರಲಿಲ್ಲ. 1839ರಲ್ಲಿ ಡಬಲ್‌ಡೇ ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಯಲ್ಲಿ ಕೆಡೆಟ್. ಸಾಕ್ಷಿ ಹೇಳಿದ ಗ್ರೇವ್ಸ್‌ಗೆ ಆಗ ಐದು ವರ್ಷ. ಡಬಲ್‌ಡೇ ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ಸೇನಾಧಿಕಾರಿ. ಸಮ್ಟರ್ ಕೋಟೆಯಲ್ಲೂ ಗೆಟಿಸ್‌ಬರ್ಗ್‌ನಲ್ಲೂ ಇದ್ದವನು. ಬಹಳ ಬರೆದವನು ಕೂಡ. ಆದರೆ 1893ರಲ್ಲಿ ತೀರಿಕೊಳ್ಳುವ ತನಕ ಬೇಸ್‌ಬಾಲನ್ನು ತಾನು ಕಂಡುಹಿಡಿದೆ ಎಂದು ಅವನು ಎಲ್ಲೂ ಹೇಳಿಕೊಳ್ಳಲಿಲ್ಲ. ಸ್ವತಃ ಮಿಲ್ಸ್ ಅವನನ್ನು ಬಲ್ಲವನಾಗಿದ್ದ. ಆ ಪರಿಚಯದಲ್ಲೂ ಈ ಮಾತು ಬಂದಿರಲಿಲ್ಲ. ಭಾರತದ ಕೇಳುಗರಿಗೆ ಆಸಕ್ತಿಯಾಗಬಹುದಾದ ಒಂದು ಸಂಗತಿ: ಈ ಡಬಲ್‌ಡೇ ಥಿಯಾಸಫಿಸ್ಟ್. ಥಿಯಾಸಫಿಕಲ್ ಸೊಸೈಟಿಯನ್ನು ಕಟ್ಟಿದ ಬ್ಲಾವಟ್ಸ್ಕಿ ಮತ್ತು ಆಲ್ಕಾಟ್ 1878ರ ಕೊನೆಗೆ ಭಾರತಕ್ಕೆ ಹಡಗು ಹತ್ತಿದಾಗ ಅಮೆರಿಕದಲ್ಲಿ ಸಂಸ್ಥೆಯನ್ನು ನೋಡಿಕೊಳ್ಳುವ ಹೊಣೆ ಬಿದ್ದದ್ದು ಇವನ ಮೇಲೆ. ಮುಂದೆ ಮದ್ರಾಸಿನ ಅಡ್ಯಾರಿನಲ್ಲಿ ನೆಲೆಯೂರಿದ ಸಂಸ್ಥೆಯ ಚರಿತ್ರೆಯಲ್ಲಿ ಅವನಿಗೆ ನಿಜವಾದ ಒಂದು ಜಾಗವಿದೆ. ಬೇಸ್‌ಬಾಲಿನ ಹುಟ್ಟಿನಲ್ಲಿ ಇಲ್ಲ.

ಆದರೂ ಕಥೆ ನಿಂತುಬಿಟ್ಟಿತು. 1939ರ ಜೂನ್ 12ರಂದು, ನೂರನೆಯ ವರ್ಷದ ಹೆಸರಿನಲ್ಲಿ, ಬೇಸ್‌ಬಾಲಿನ ಕೀರ್ತಿಭವನ ಅದೇ ಕೂಪರ್ಸ್‌ಟೌನ್‌ನಲ್ಲಿ ಬಾಗಿಲು ತೆರೆಯಿತು. ಅದೇ ದಿನ ಅಂಚೆಚೀಟಿಯೂ ಬಂತು. ಕಥೆ ಯಾಕೆ ನಿಂತಿತು ಎಂದು ನಾನು ಬಹಳ ಯೋಚಿಸಿದ್ದೇನೆ. ದೇಶಾಭಿಮಾನ ಒಂದು ಕಾರಣ, ನಿಜ. ಅದಕ್ಕಿಂತ ಆಳದ್ದು ಇನ್ನೊಂದಿದೆ ಎನಿಸುತ್ತದೆ. ನಾವು ಪ್ರೀತಿಸುವ ಯಾವುದಕ್ಕೂ ಒಬ್ಬ ಕರ್ತೃ ಬೇಕು, ಒಂದು ಊರು ಬೇಕು, ಒಂದು ತಾರೀಕು ಬೇಕು. ಆಟಗಳು ಹಾಗೆ ಹುಟ್ಟುವುದಿಲ್ಲ. ಬೇಸ್‌ಬಾಲನ್ನು ಮಾಡಿದವರು ಹೆಸರಿಲ್ಲದ ಮಕ್ಕಳು, ಹಬ್ಬದ ದಿನ ಬಿಡುವಾದ ಹುಡುಗಿಯರು, ಹಾಲು ಕರೆಯುವ ಹೆಂಗಸರು. ತಾವು ಚರಿತ್ರೆ ಮಾಡುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ, ಬರೆದಿಡಬೇಕೆಂದು ಯಾರಿಗೂ ತೋಚಲಿಲ್ಲ. ಹಾಗಾಗಿ ಅವರ ಸುಳಿವು ಸಿಗುವುದು ಬೇರೆ ಯಾವುದಕ್ಕೋ ಬರೆದ ಕಾಗದಗಳಲ್ಲಿ: ಮಕ್ಕಳ ಪುಸ್ತಕದಲ್ಲಿ, ಜಮೀನಿನ ವ್ಯಾಜ್ಯದಲ್ಲಿ, ಖಾಸಗಿ ದಿನಚರಿಯಲ್ಲಿ, ಆಟವನ್ನು ನಿಷೇಧಿಸಿದ ಕಟ್ಟಳೆಯಲ್ಲಿ. ಅಂಥ ಕೆಲವು ಕಾಗದಗಳನ್ನು ಈಗ ಬಿಚ್ಚೋಣ.

1744ರಲ್ಲಿ ಲಂಡನ್ನಿನ ಜಾನ್ ನ್ಯೂಬೆರಿ ಎಂಬ ಪ್ರಕಾಶಕ 'ಎ ಲಿಟಲ್ ಪ್ರಿಟಿ ಪಾಕೆಟ್-ಬುಕ್' ಎಂಬ ಸಣ್ಣ ಪುಸ್ತಕ ತಂದ. ಮಕ್ಕಳ ಸಂತೋಷಕ್ಕೆಂದೇ ಮಾಡಿದ ಮೊದಮೊದಲ ಇಂಗ್ಲಿಷ್ ಪುಸ್ತಕಗಳಲ್ಲಿ ಇದೊಂದು. ಬೆಲೆ ಆರು ಪೆನ್ಸ್. ಎಂಟು ಪೆನ್ಸ್ ಕೊಟ್ಟರೆ ಹುಡುಗನಿಗೆ ಒಂದು ಚೆಂಡೋ ಹುಡುಗಿಗೆ ಒಂದು ಸೂಜಿಮೆತ್ತೆಯೋ ಜೊತೆಗೆ ಸಿಗುತ್ತಿತ್ತು. ಪುಟಕ್ಕೊಂದು ಆಟ, ಆಟಕ್ಕೊಂದು ಮರಗೆತ್ತನೆಯ ಚಿತ್ರ, ಕೆಳಗೊಂದು ಪುಟ್ಟ ಪದ್ಯ, ಅದರಡಿಗೆ ಒಂದು ನೀತಿ. ಕ್ರಿಕೆಟಿದೆ, ಸ್ಟೂಲ್‌ಬಾಲ್ ಇದೆ, ಮತ್ತು ಒಂದು ಪುಟದಲ್ಲಿ ಬೇಸ್‌ಬಾಲ್ ಇದೆ. ಆ ಹೆಸರು ಅಚ್ಚಿನಲ್ಲಿ ಕಾಣುವುದು ಇಲ್ಲಿಯೇ ಮೊದಲು. ಚಿತ್ರದಲ್ಲಿ ಮೂಲೆಟೊಪ್ಪಿಗೆಯ ಹುಡುಗರು, ನೆಟ್ಟ ಮೂರು ಗೂಟಗಳು. ಚೆಂಡು ಹೊಡೆದ ಹುಡುಗ ಮುಂದಿನ ಗೂಟಕ್ಕೆ ಹಾರಿ, ಆಮೇಲೆ ಮನೆಗೆ ಮರಳುತ್ತಾನೆ ಎಂಬುದು ಪದ್ಯದ ತಾತ್ಪರ್ಯ. ಗಮನಿಸಬೇಕಾದ್ದು, ಚಿತ್ರದಲ್ಲಿ ದಾಂಡೇ ಇಲ್ಲ. ಚೆಂಡನ್ನು ಅಂಗೈಯಿಂದಲೇ ಹೊಡೆಯುತ್ತಿದ್ದಿರಬೇಕು. ಆದರೆ ಸುತ್ತು ಇದೆ, ಅಭಯದ ಗೂಟ ಇದೆ, ಮನೆಗೆ ಮರಳುವುದಿದೆ.

ನೀತಿಯ ಸಾಲು ನನ್ನನ್ನು ತಡೆದು ನಿಲ್ಲಿಸಿತು. ಬ್ರಿಟನ್ನಿನವರು ಲಾಭಕ್ಕಾಗಿ ಕಡಲು ದಾಟಿ ಹೋಗುತ್ತಾರೆ, ಸಂತೋಷದಿಂದ ಮನೆಗೆ ಮರಳುತ್ತಾರೆ ಎಂಬ ಅರ್ಥದ ಸಾಲು ಅದು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮದ್ರಾಸಿಗೂ ಸೂರತ್ತಿಗೂ ಬಂದುಹೋಗುತ್ತಿದ್ದ ಕಾಲ. ಒಂದು ಗೂಟದಿಂದ ಇನ್ನೊಂದಕ್ಕೆ ಓಡುವ ಹುಡುಗನಲ್ಲಿ ಆ ಪ್ರಕಾಶಕ ಆಗಲೇ ಒಬ್ಬ ವ್ಯಾಪಾರಿಯನ್ನು ಕಂಡಿದ್ದ. ಆಟವನ್ನು ಬರಿಯ ಆಟವೆಂದು ಬಿಡಲು ದೊಡ್ಡವರಿಗೆ ಎಂದೂ ಆಗಿಲ್ಲ.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆಟ ಅರಮನೆಯಲ್ಲಿದೆ. ಲೇಡಿ ಹಾರ್ವಿ ಎಂಬ ಗಣ್ಯ ಮಹಿಳೆ 1748ರ ನವೆಂಬರಿನಲ್ಲಿ ಬರೆದ ಒಂದು ಪತ್ರದಲ್ಲಿ ಯುವರಾಜ ಫ್ರೆಡರಿಕನ ಸಂಸಾರದ ಸುದ್ದಿ ಬರುತ್ತದೆ. ಚಳಿಗಾಲದಲ್ಲಿ ಅವರು ದೊಡ್ಡ ಕೋಣೆಯೊಂದರಲ್ಲಿ ಬೇಸ್‌ಬಾಲ್ ಆಡಿ ಹೊತ್ತು ಕಳೆಯುತ್ತಾರಂತೆ. ಶಾಲೆಗೆ ಹೋದ ಹುಡುಗರಿಗೆಲ್ಲ ಗೊತ್ತಿರುವ ಆಟವಂತೆ ಅದು. ಮುಂದೆ ಮೂರನೆಯ ಜಾರ್ಜ್ ಆಗಿ, ಅಮೆರಿಕದ ವಸಾಹತುಗಳನ್ನು ಕಳೆದುಕೊಳ್ಳಲಿದ್ದ ಹುಡುಗನಿಗೆ ಆಗ ಹತ್ತು ವರ್ಷ. ಮರುವರ್ಷ, 1749ರ ಸೆಪ್ಟೆಂಬರಿನಲ್ಲಿ, ಅದೇ ಫ್ರೆಡರಿಕ್ ಸರ್ರೆ ಪ್ರಾಂತದ ವಾಲ್ಟನ್ ಎಂಬಲ್ಲಿ ಲಾರ್ಡ್ ಮಿಡ್ಲ್‌ಸೆಕ್ಸ್ ಜೊತೆ ಬಯಲಿನಲ್ಲಿ ಈ ಆಟವಾಡಿದ ಸುದ್ದಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಹವೆ ಕೆಟ್ಟಿದ್ದರೂ ತಾಸುಗಟ್ಟಲೆ ಆಡಿದರಂತೆ. ಪುಸ್ತಕದಲ್ಲಿ ಮಕ್ಕಳ ಆಟವಾಗಿದ್ದದ್ದು ಇಲ್ಲಿ ಬೆಳೆದ ಗಂಡಸರ ಆಟ. ಶಾಲೆಯ ಹುಡುಗರಿಗೆಲ್ಲ ಗೊತ್ತು ಎಂಬ ಮಾತನ್ನೂ ಇದಕ್ಕೆ ಸೇರಿಸಿ ನೋಡಿದರೆ, 1744ರ ಪುಸ್ತಕ ಆಟದ ಹುಟ್ಟಲ್ಲ, ಆಗಲೇ ಊರೆಲ್ಲ ಹಬ್ಬಿದ್ದ ಆಟವೊಂದು ಅಚ್ಚಿಗೆ ಸಿಕ್ಕ ಕ್ಷಣ ಮಾತ್ರ ಎಂಬುದು ಸ್ಪಷ್ಟವಾಗುತ್ತದೆ.

ಈಗ ನನಗೆ ಅತ್ಯಂತ ಪ್ರಿಯವಾದ ಕಾಗದಕ್ಕೆ ಬರುತ್ತೇನೆ. ಅದೇ ಸರ್ರೆ ಪ್ರಾಂತದಲ್ಲಿ ವಿಲಿಯಂ ಬ್ರೇ ಎಂಬವನಿದ್ದ. ವೃತ್ತಿಯಲ್ಲಿ ವಕೀಲ, ಮುಂದೆ ಸರ್ರೆಯ ಇತಿಹಾಸ ಬರೆದವನು, ಜಾನ್ ಎವೆಲಿನ್‌ನ ಪ್ರಸಿದ್ಧ ದಿನಚರಿಯನ್ನು ಸಂಪಾದಿಸಿದವನು. ತೊಂಬತ್ತು ದಾಟಿ ಬದುಕಿದ. 1755ರಲ್ಲಿ ಅವನಿನ್ನೂ ಹದಿಹರೆಯದ ತರುಣ. ಮಾರ್ಚ್ 31, ಈಸ್ಟರ್ ಹಬ್ಬದ ಮರುದಿನ ಸೋಮವಾರ. ಬೆಳಿಗ್ಗೆ ಚರ್ಚಿಗೆ ಹೋದದ್ದು, ಊಟವಾದ ಮೇಲೆ ಪರಿಚಯದ ಹುಡುಗಿಯೊಬ್ಬಳ ಮನೆಗೆ ಬೇಸ್‌ಬಾಲ್ ಆಡಲು ಹೋದದ್ದು, ಅಲ್ಲಿ ಯಾರು ಯಾರಿದ್ದರು, ಆಮೇಲೆ ಚಹಾ ಕುಡಿದು ಎಂಟು ಗಂಟೆಯವರೆಗೆ ಇದ್ದದ್ದು, ಇಷ್ಟನ್ನೂ ಅವನು ದಿನಚರಿಯಲ್ಲಿ ಗುರುತು ಹಾಕಿಕೊಂಡ. ಹೆಸರುಗಳ ಪಟ್ಟಿಯಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ಆ ದಿನಚರಿಯ ಸಂಪುಟ ಬಹುಕಾಲ ಕಣ್ಮರೆಯಾಗಿದ್ದು, ಸ್ಥಳೀಯ ಇತಿಹಾಸದಲ್ಲಿ ಆಸಕ್ತಿಯಿದ್ದ ಮಹಿಳೆಯೊಬ್ಬರ ಕೈಗೆ ಸಿಕ್ಕಿತು. 2008ರಲ್ಲಿ ಸರ್ರೆ ಇತಿಹಾಸ ಕೇಂದ್ರ ಅದನ್ನು ಪರಿಶೀಲಿಸಿ ಬ್ರೇಯದೇ ಎಂದು ಖಚಿತಪಡಿಸಿತು. ಆಯೋಗ ಕೂತು ತೀರ್ಮಾನ ಬರೆದು ನೂರು ವರ್ಷ ಕಳೆದ ಮೇಲೆ.

ಬ್ರೇ ಓಡಾಡಿದ್ದು ಗಿಲ್ಡ್‌ಫರ್ಡ್ ಊರಿನ ಆಸುಪಾಸಿನಲ್ಲಿ. ಕ್ರಿಕೆಟಿನ ಚರಿತ್ರೆ ಬಲ್ಲವರಿಗೆ ಈ ಹೆಸರು ಕೇಳಿದೊಡನೆ ಕಿವಿ ನೆಟ್ಟಗಾಗುತ್ತದೆ. 1598ರಲ್ಲಿ ಇದೇ ಗಿಲ್ಡ್‌ಫರ್ಡ್‌ನಲ್ಲಿ ಒಂದು ತುಂಡು ಜಮೀನಿನ ವ್ಯಾಜ್ಯ ನಡೆಯಿತು. ಜಾನ್ ಡೆರಿಕ್ ಎಂಬ ಐವತ್ತೊಂಬತ್ತು ವರ್ಷದವನು ಸಾಕ್ಷಿ ಹೇಳಲು ಬಂದ. ತಾನು ಈ ಊರಿನ ಶಾಲೆಯಲ್ಲಿ ಓದುತ್ತಿದ್ದಾಗ ತಾನೂ ಜೊತೆಯ ಹುಡುಗರೂ ಇದೇ ನೆಲದಲ್ಲಿ ಓಡಾಡಿ ಕ್ರಿಕೆಟ್ ಮತ್ತಿತರ ಆಟಗಳನ್ನು ಆಡುತ್ತಿದ್ದೆವು ಎಂದ. ಕ್ರಿಕೆಟಿಗೆ ಸಿಗುವ ಅತ್ಯಂತ ಹಳೆಯ ನಿಸ್ಸಂದೇಹ ಉಲ್ಲೇಖ ಇದೇ. ಅವನ ಆಸಕ್ತಿ ಆಟದಲ್ಲಿರಲಿಲ್ಲ; ನೆಲ ಊರಿನವರೆಲ್ಲರದು ಎಂದು ತೋರಿಸುವುದಷ್ಟೇ ಅವನಿಗೆ ಬೇಕಿತ್ತು. ನಾವಿಂದು ಒಂದು ಖಂಡದ ಆಟ, ಇನ್ನೊಂದು ಖಂಡದ ಆಟ ಎಂದು ಬೇರೆಬೇರೆಯಾಗಿ ನೋಡುವ ಎರಡರ ಹಳೆಯ ಸಾಕ್ಷ್ಯಗಳೂ ಒಂದೇ ಪುಟ್ಟ ಪ್ರಾಂತದಲ್ಲಿ, ಹೆಚ್ಚುಕಡಿಮೆ ಒಂದೇ ಊರಿನಲ್ಲಿ ಸಿಗುತ್ತವೆ. ಇವೆರಡು ಅಕ್ಕತಂಗಿಯರು. ಒಬ್ಬಳಿಂದ ಇನ್ನೊಬ್ಬಳು ಹುಟ್ಟಲಿಲ್ಲ.

ಆ ಮನೆಯಲ್ಲಿ ಇನ್ನೂ ಕೆಲವರಿದ್ದರು. ಹಿರಿಯಳು ಸ್ಟೂಲ್‌ಬಾಲ್. ಮೂರು ಕಾಲಿನ ಮಣೆಯನ್ನು ಗುರಿಯಾಗಿಟ್ಟು ಒಬ್ಬರು ಚೆಂಡು ಎಸೆಯುವುದು, ಮಣೆಯನ್ನು ಕಾಯುವವರು ಕೈಯಿಂದಲೋ ದಾಂಡಿನಿಂದಲೋ ಅದನ್ನು ತಡೆಯುವುದು. ಹಾಲು ಕರೆಯುವ ಹೆಂಗಸರ ಆಟವೆಂದು ಇದಕ್ಕೆ ಹೆಸರು. ಈಸ್ಟರ್ ಹಬ್ಬಕ್ಕೂ ಇದಕ್ಕೂ ಹಳೆಯ ನಂಟು. ಸ್ಟೂಲ್‌ಬಾಲ್ ಅಟ್ಲಾಂಟಿಕ್ ದಾಟಿದ್ದೂ ಬಹಳ ಬೇಗ. 1621ರ ಕ್ರಿಸ್‌ಮಸ್ ದಿನ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್, ಹೊಸದಾಗಿ ಬಂದ ಕೆಲವರು ಹಬ್ಬದ ದಿನ ದುಡಿಯುವುದು ತಮ್ಮ ಮನಸ್ಸಾಕ್ಷಿಗೆ ಒಪ್ಪದು ಎಂದಾಗ ಬಿಟ್ಟುಬಿಟ್ಟ. ಮಧ್ಯಾಹ್ನ ಹಿಂದಿರುಗಿ ನೋಡಿದರೆ ಅವರು ಬೀದಿಯಲ್ಲಿ ಸ್ಟೂಲ್‌ಬಾಲ್ ಆಡುತ್ತಿದ್ದಾರೆ. ಆಟದ ಸಾಮಾನನ್ನು ಕಿತ್ತುಕೊಂಡ. ಸಂಗತಿ ನಮಗೆ ತಿಳಿದದ್ದು ಅವನು ಅದನ್ನು ಬರೆದಿಟ್ಟದ್ದರಿಂದ.

ಇನ್ನೊಂದು ಟಿಪ್‌ಕ್ಯಾಟ್. ಎರಡು ತುದಿ ಚೂಪಾಗಿರುವ ಮರದ ತುಂಡು, ಅದರ ತುದಿಗೆ ಕೋಲಿನಿಂದ ತಟ್ಟಿದರೆ ಮೇಲಕ್ಕೆ ಚಿಮ್ಮುತ್ತದೆ, ಚಿಮ್ಮಿದ್ದನ್ನು ಗಾಳಿಯಲ್ಲೇ ಬೀಸಿ ಹೊಡೆಯಬೇಕು. ವಿವರಣೆ ಹೆಚ್ಚು ಬೇಡ, ನಮ್ಮ ಚಿನ್ನಿದಾಂಡು ಬಲ್ಲವರಿಗೆ ಇದು ತಿಳಿಯುತ್ತದೆ. ಇಂಗ್ಲಿಷ್ ಧರ್ಮಬೋಧಕ, ಲೇಖಕ ಜಾನ್ ಬನ್ಯನ್ ಎಲ್ಸ್ಟೋ ಹಳ್ಳಿಯಲ್ಲಿ ಒಂದು ಭಾನುವಾರ ಈ ಆಟ ಆಡುತ್ತಿದ್ದ. ಗುಳಿಯಿಂದ ಚಿನ್ನಿಯನ್ನು ಒಮ್ಮೆ ಹೊಡೆದು ಎರಡನೆಯ ಹೊಡೆತಕ್ಕೆ ಕೈಯೆತ್ತಿದಾಗ, ಪಾಪ ಬಿಡುತ್ತೀಯೋ ಎಂದು ಕೇಳುವ ಆಕಾಶವಾಣಿ ತನ್ನ ಮನಸ್ಸಿಗೆ ಕೇಳಿಸಿತು ಎಂದು 1666ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿದ್ದಾನೆ. ಅವನ ಉದ್ದೇಶ ಪಶ್ಚಾತ್ತಾಪದ ನಿವೇದನೆ. ಆದರೆ ಗುಳಿ ಇತ್ತು, ಹೊಡೆತಕ್ಕೆ ಸರದಿಯಿತ್ತು ಎಂಬ ವಿವರ ನಮಗೆ ಉಳಿಯಿತು. ಮರದ ಸಣ್ಣ ಸನ್ನೆಯೊಂದು ಚೆಂಡನ್ನು ಚಿಮ್ಮಿಸುವ ಟ್ರ್ಯಾಪ್‌ಬಾಲ್ ಎಂಬುದೂ ಇತ್ತು. ಇವೆಲ್ಲ ಒಂದರಿಂದೊಂದು ಸಾಲಾಗಿ ಇಳಿದು ಬಂದವು ಎಂದು ವಂಶವೃಕ್ಷ ಬರೆಯುವ ಆಸೆ ಹಲವರಿಗೆ ಹುಟ್ಟಿದೆ. ನಾನು ಆ ಆಸೆಗೆ ಬೀಳುವುದಿಲ್ಲ. ಅಕ್ಕಪಕ್ಕದ ಊರುಗಳಲ್ಲಿ ಅವೇ ಮಕ್ಕಳು ಇವೆಲ್ಲವನ್ನೂ ಆಡುತ್ತಿದ್ದರು. ಒಂದರ ನಿಯಮ ಇನ್ನೊಂದಕ್ಕೆ ಹರಿದಾಡುತ್ತಿತ್ತು. ಇಬ್ಬರೇ ಇದ್ದರೆ ಒಂದು ಆಟ, ಹತ್ತು ಜನ ಸೇರಿದರೆ ಇನ್ನೊಂದು.

ಬೇಸ್‌ಬಾಲಿನ ನಿಯಮಗಳು ಮೊದಲು ಅಚ್ಚಾದದ್ದು ಇಂಗ್ಲೆಂಡಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ. ಜರ್ಮನಿಯ ಷ್ನೆಪ್ಫೆನ್‌ಟಾಲ್ ಎಂಬಲ್ಲಿನ ಒಂದು ಶಾಲೆಯಲ್ಲಿ ಯೋಹಾನ್ ಗುಟ್ಸ್‌ಮೂಟ್ಸ್ ಎಂಬ ಮೇಷ್ಟರಿದ್ದರು. ದೇಹದ ಶಿಕ್ಷಣವೂ ಶಿಕ್ಷಣವೇ ಎಂದು ಪಟ್ಟು ಹಿಡಿದು ವ್ಯಾಯಾಮವನ್ನು ಶಾಲೆಯ ಪಾಠವಾಗಿಸಿದವರಲ್ಲಿ ಮೊದಲಿಗರು. 1796ರಲ್ಲಿ ಅವರು ಆಟಗಳ ಮೇಲೆ ಒಂದು ದೊಡ್ಡ ಪುಸ್ತಕ ಬರೆದರು. ಅದರಲ್ಲಿ ಇಂಗ್ಲಿಷ್ ಬೇಸ್‌ಬಾಲಿಗೆ ಪುಟಗಳನ್ನೇ ಮೀಸಲಿಟ್ಟಿದ್ದಾರೆ. ಎಸೆಯುವವನು ಐದಾರು ಹೆಜ್ಜೆ ದೂರದಲ್ಲಿ ನಿಂತು ಚೆಂಡನ್ನು ಮೆಲ್ಲಗೆ ಎಸೆಯಬೇಕು. ಹೊಡೆಯುವವನ ಕೈಯಲ್ಲಿ ಗಿಡ್ಡ ದಾಂಡು. ಅವನಿಗೆ ಮೂರು ಅವಕಾಶ. ತಾಣಗಳ ಸಂಖ್ಯೆ ಆಟಗಾರರು ಎಷ್ಟು ಜನರೋ ಅದಕ್ಕೆ ತಕ್ಕಂತೆ. ಹೊಡೆದ ಚೆಂಡನ್ನು ಹಿಡಿದರೂ ಔಟು, ತಾಣದಿಂದ ತಾಣಕ್ಕೆ ಓಡುವವನಿಗೆ ಚೆಂಡು ಎಸೆದು ತಾಗಿಸಿದರೂ ಔಟು. ಒಬ್ಬ ಔಟಾದರೆ ಇಡೀ ತಂಡದ ಸರದಿ ಮುಗಿಯಿತು.

ಡಬಲ್‌ಡೇ ಹುಟ್ಟುವ ಎರಡು ದಶಕಗಳ ಮೊದಲು ಜರ್ಮನಿಯ ಶಾಲಾಮಾಸ್ತರರೊಬ್ಬರು ಬರೆದಿಟ್ಟದ್ದು ಇದು. ಹಡಗು ಕೂಡ ಇಲ್ಲದ ಒಳನಾಡಿನ ಊರಿನಲ್ಲಿ ಕೂತು ಪರದೇಶದ ಮಕ್ಕಳ ಆಟವನ್ನು ಇಷ್ಟು ನಿಖರವಾಗಿ ದಾಖಲಿಸಿದ ಆ ಮೇಷ್ಟರ ಬಗ್ಗೆ ನನಗೆ ಅಪಾರ ಗೌರವ. ನಮ್ಮ ಚಿನ್ನಿದಾಂಡು, ಲಗೋರಿ, ಬುಗುರಿಗಳಿಗೆ ಊರಿಗೊಂದು ನಿಯಮವಿದೆ, ಅಳತೆಗೆ ಊರಿಗೊಂದು ಲೆಕ್ಕವಿದೆ. ಸಭೆಯಲ್ಲಿರುವ ಶಿಕ್ಷಕರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಊರಿನ ನಿಯಮವನ್ನು, ನಿಮ್ಮ ಊರಿನ ಮಾತಿನಲ್ಲೇ, ಆಡಿದವರನ್ನು ಕೂರಿಸಿಕೊಂಡು ಬರೆದಿಡಿ.

ಇನ್ನು ರೌಂಡರ್ಸ್ ಪ್ರಶ್ನೆ. ಇಲ್ಲಿ ಚಾಡ್ವಿಕ್‌ನ ಮಾತನ್ನು ನ್ಯಾಯವಾಗಿ ತೂಗಬೇಕು. 1828ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಕ್ಲಾರ್ಕನ 'ದಿ ಬಾಯ್ಸ್ ಓನ್ ಬುಕ್' ಪುಸ್ತಕದಲ್ಲಿ ರೌಂಡರ್ಸ್ ನಿಯಮಗಳು ಅಚ್ಚಾದವು: ವಜ್ರದಾಕಾರದಲ್ಲಿ ನಾಲ್ಕು ಕಲ್ಲು ಅಥವಾ ಗೂಟ, ನಡುವೆ ಹನ್ನೆರಡರಿಂದ ಇಪ್ಪತ್ತು ಗಜ. ಆರು ವರ್ಷಗಳ ನಂತರ ಬಾಸ್ಟನ್ನಿನ ರಾಬಿನ್ ಕಾರ್ವರ್ ತನ್ನ ಪುಸ್ತಕದಲ್ಲಿ ಹೆಚ್ಚುಕಡಿಮೆ ಅವೇ ನಿಯಮಗಳನ್ನು ತೆಗೆದುಕೊಂಡು ಮೇಲೆ ಬೇರೆ ಹೆಸರಿಟ್ಟ. ಅಮೆರಿಕದ ಮಕ್ಕಳು ಬಳಸುತ್ತಿದ್ದ ಬೇಸ್ ಎಂಬ ಹೆಸರನ್ನೇ. ಈ ಹೋಲಿಕೆಯನ್ನು ಎತ್ತಿ ತೋರಿಸಿದವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ರಾಬರ್ಟ್ ಹೆಂಡರ್ಸನ್, ಅದೂ 1939ರಲ್ಲೇ, ಕೂಪರ್ಸ್‌ಟೌನ್ ಸಂಭ್ರಮದ ವರ್ಷದಲ್ಲಿ. 1947ರಲ್ಲಿ ಅವರು ಇದನ್ನು ಪುಸ್ತಕವಾಗಿ ವಿಸ್ತರಿಸಿದರು. ಡಬಲ್‌ಡೇ ಕಥೆ ಅಲ್ಲಿಗೆ ವಿದ್ವಾಂಸರ ಮಟ್ಟಿಗೆ ಮುಗಿಯಿತು. ಚಾಡ್ವಿಕ್ ಗೆದ್ದಂತೆ ಕಂಡಿತು.

2005ರಲ್ಲಿ ಡೇವಿಡ್ ಬ್ಲಾಕ್ ಎಂಬ ಸಂಶೋಧಕ ಇದನ್ನು ಮತ್ತೆ ಕದಡಿದರು. ಅವರ ವಾದ ಸರಳ, ನನಗೆ ಒಪ್ಪಿಗೆಯಾದದ್ದು. ಬೇಸ್‌ಬಾಲ್ ಎಂಬ ಆಟ 1744ರಿಂದಲೇ ಕಾಗದದಲ್ಲಿ ಕಾಣುತ್ತದೆ; ರೌಂಡರ್ಸ್ ನಿಯಮ ಸಮೇತ ಕಾಣುವುದು ಎಂಬತ್ತನಾಲ್ಕು ವರ್ಷಗಳ ಮೇಲೆ. ತಾಯಿ ಎಂದು ಕರೆಯುವವಳು ಮಗಳಿಗಿಂತ ಇಷ್ಟು ತಡವಾಗಿ ಕಾಣಿಸಿಕೊಳ್ಳುವುದು ಹೇಗೆ? ಬೇಸ್‌ಬಾಲೇ ಹಿರಿಯಳು, ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ ಅದರ ಒಂದು ಕವಲಿಗೆ ರೌಂಡರ್ಸ್ ಎಂದು ಹೆಸರಾಯಿತು ಎಂಬುದು ಹೆಚ್ಚು ಹೊಂದುತ್ತದೆ. ಚಾಡ್ವಿಕ್ ಹುಟ್ಟಿದ ಎಕ್ಸೆಟರ್ ಆ ಪಶ್ಚಿಮದಲ್ಲೇ ಇದೆ. ತನ್ನ ಬಾಲ್ಯದಲ್ಲಿ ಕಂಡದ್ದನ್ನು ಅವನು ಪ್ರಾಮಾಣಿಕವಾಗಿಯೇ ಹೇಳಿದ. ಆಟ ಇಂಗ್ಲೆಂಡಿನದು ಎಂಬ ಅವನ ಮೂಲ ಮಾತು ನಿಜವೇ. ಡಬಲ್‌ಡೇಯನ್ನು ನಂಬಿದವರ ಜೊತೆ ಅವನನ್ನು ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

ಆಟ ಕಡಲು ದಾಟಿದ್ದು ಹೇಗೆ ಎಂಬುದಕ್ಕೆ ದೊಡ್ಡ ರಹಸ್ಯವೇನಿಲ್ಲ. ವಲಸೆ ಹೋದವರ ಮಕ್ಕಳ ಕಾಲಿನಲ್ಲೇ ಹೋಯಿತು. ನ್ಯೂಬೆರಿಯ ಪುಸ್ತಕವೂ ಹೋಯಿತು. 1762ರಲ್ಲಿ ನ್ಯೂಯಾರ್ಕಿನಲ್ಲಿ, 1787ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್‌ನಲ್ಲಿ ಮರುಮುದ್ರಣವಾಯಿತು. 1791ರಲ್ಲಿ ಅದೇ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರು ಹೊಸ ಪ್ರಾರ್ಥನಾ ಭವನ ಕಟ್ಟಿಸಿತು. ಅದರ ಕಿಟಕಿಗಳನ್ನು ಉಳಿಸಿಕೊಳ್ಳಲು ಒಂದು ಕಟ್ಟಳೆ ಬಂತು: ಭವನದಿಂದ ಎಂಬತ್ತು ಗಜದೊಳಗೆ ಕ್ರಿಕೆಟ್, ಬೇಸ್‌ಬಾಲ್, ಫುಟ್‌ಬಾಲ್ ಸಹಿತ ಯಾವ ಚೆಂಡಾಟವನ್ನೂ ಆಡಕೂಡದು. ಇತಿಹಾಸಕಾರ ಜಾನ್ ಥಾರ್ನ್ ಈ ಕಟ್ಟಳೆಯನ್ನು ಬೆಳಕಿಗೆ ತಂದರು. 2004ರಲ್ಲಿ ಊರು ಅದನ್ನು ಹೆಮ್ಮೆಯಿಂದ ಪ್ರಕಟಿಸಿತು. ನಿಷೇಧಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರಿಲ್ಲ. ಗಾಜು ಒಡೆಯುತ್ತಿತ್ತು ಎಂದರೆ ಆಟ ಇತ್ತು ಎಂದರ್ಥ.

ಅಮೆರಿಕದಲ್ಲಿ ಇದು ಊರಿಗೊಂದು ಬಗೆಯಾಗಿ ಬೆಳೆಯಿತು. ಮ್ಯಾಸಚೂಸೆಟ್ಸ್ ಕಡೆಯ ಬಗೆಯಲ್ಲಿ ನಾಲ್ಕಡಿ ಎತ್ತರದ ಗೂಟಗಳು, ಓಡುವವನಿಗೆ ಚೆಂಡು ಬೀಸಿ ಹೊಡೆಯುವ ಹಕ್ಕು, ನೂರು ಓಟ ಮೊದಲು ಮುಟ್ಟಿದವರಿಗೆ ಗೆಲುವು. ಈ ನಿಯಮಗಳನ್ನು 1858ರಲ್ಲಿ ಡೆಡಮ್ ಎಂಬಲ್ಲಿ ಬರೆದುಕೊಂಡರು. ಲಗೋರಿಯಲ್ಲಿ ಓಡುವವನ ಬೆನ್ನಿಗೆ ಚೆಂಡು ಬಿಟ್ಟ ನೆನಪು ನಿಮಗಿದ್ದರೆ ಆ ಆಟದ ಖುಷಿ ತಿಳಿಯುತ್ತದೆ. ಮೈಗೆ ಹೊಡೆಯಬೇಕಾದ ಚೆಂಡು ಮೆತ್ತಗಿರಲೇಬೇಕು, ಮೆತ್ತನೆಯ ಚೆಂಡು ದೂರ ಹೋಗುವುದಿಲ್ಲ, ಹಾಗಾಗಿ ಅಂಗಳವೂ ಸಣ್ಣದು.

ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನವರು 1845ರ ಸೆಪ್ಟೆಂಬರ್ 23ರಂದು ಒಪ್ಪಿಕೊಂಡ ನಿಯಮಾವಳಿಯಲ್ಲಿ ಇದನ್ನೇ ಬದಲಿಸಿದರು. ಓಡುವವನಿಗೆ ಚೆಂಡು ಎಸೆದು ತಾಗಿಸುವಂತಿಲ್ಲ. ಕೈಯಲ್ಲಿ ಹಿಡಿದ ಚೆಂಡಿನಿಂದ ಮುಟ್ಟಬೇಕು, ಇಲ್ಲವೇ ಅವನಿಗಿಂತ ಮೊದಲು ಚೆಂಡು ತಾಣ ಸೇರಬೇಕು. ನನ್ನ ದೃಷ್ಟಿಯಲ್ಲಿ ಆಧುನಿಕ ಬೇಸ್‌ಬಾಲಿನ ಬಾಗಿಲು ತೆರೆದದ್ದು ಈ ಒಂದು ಸಾಲು. ಮೈಗೆ ಬೀಳುವ ಭಯ ಹೋದ ಮೇಲೆ ಚೆಂಡು ಗಟ್ಟಿಯಾಯಿತು, ಗಟ್ಟಿ ಚೆಂಡು ದೂರ ಹಾರಿತು, ದೂರ ಹಾರಿದ್ದನ್ನು ತರಲು ಅಂಗಳದಲ್ಲಿ ಆಟಗಾರರು ಹರಡಿ ನಿಲ್ಲಬೇಕಾಯಿತು, ಅವರ ನಡುವೆ ಚೆಂಡು ಸಾಗಿಸುವ ಕೌಶಲ ಬೆಳೆಯಿತು. 1846ರ ಜೂನ್ 19ರಂದು ಹೊಬೋಕನ್‌ನ ಎಲಿಸಿಯನ್ ಫೀಲ್ಡ್ಸ್ ಬಯಲಿನಲ್ಲಿ ಇದೇ ಕ್ಲಬ್ಬು ಇನ್ನೊಂದು ತಂಡದೆದುರು ಆಡಿ 23–1ರಿಂದ ಸೋತಿತು.

ಈ ಕ್ಲಬ್ಬಿನ ಸದಸ್ಯ ಅಲೆಕ್ಸಾಂಡರ್ ಕಾರ್ಟ್‌ರೈಟ್‌ನನ್ನು ಮುಂದೆ ಡಬಲ್‌ಡೇಯ ಜಾಗದಲ್ಲಿ ಕೂರಿಸಿದರು. ಒಂಬತ್ತು ಆಟಗಾರರು, ಒಂಬತ್ತು ಸರದಿ, ತಾಣಗಳ ನಡುವೆ ತೊಂಬತ್ತು ಅಡಿ, ಇವೆಲ್ಲ ಅವನದೇ ಎಂದು ಕೀರ್ತಿಭವನದ ಫಲಕ ಹೇಳುತ್ತದೆ. 1845ರ ನಿಯಮಾವಳಿಯಲ್ಲಿ ಈ ಮೂರೂ ಇಲ್ಲ. ಇಪ್ಪತ್ತೊಂದು ಅಂಕ ಮೊದಲು ಮುಟ್ಟಿದವರು ಗೆದ್ದಂತೆ ಎಂದಿದೆ. ಆ ನಿಯಮಗಳನ್ನು ಬರೆದ ಸಮಿತಿಯಲ್ಲಿದ್ದವರು ವಿಲಿಯಂ ವೀಟನ್ ಮತ್ತು ವಿಲಿಯಂ ಟಕರ್. ಮೂರು ಅಳತೆಗಳೂ ಸ್ಥಿರವಾದದ್ದು 1857ರಲ್ಲಿ ಹಲವು ಕ್ಲಬ್ಬುಗಳು ಕೂಡಿ ನಡೆಸಿದ ಸಮಾವೇಶದಲ್ಲಿ; ಅದರ ಅಧ್ಯಕ್ಷತೆ ವಹಿಸಿದ್ದವನು ಡೇನಿಯಲ್ ಆಡಮ್ಸ್ ಎಂಬ ವೈದ್ಯ, ಆರಂಭದಲ್ಲಿ ಕ್ಲಬ್ಬಿಗೆ ಬೇಕಾದ ಚೆಂಡುಗಳನ್ನು ತಾನೇ ಹೊಲಿದವನು. ಒಬ್ಬ ಕರ್ತೃವನ್ನು ಇಳಿಸಿದ ಕೂಡಲೇ ಇನ್ನೊಬ್ಬನನ್ನು ಏರಿಸುವ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಆಡಮ್ಸ್‌ಗೆ ಸಲ್ಲಬೇಕಾದದ್ದು ಸಲ್ಲಲಿ, ಆದರೆ ಅವನನ್ನೂ ಆ ಪೀಠದಲ್ಲಿ ಕೂರಿಸುವುದು ಬೇಡ.

ಕೊನೆಯದಾಗಿ, ಈ ಚರಿತ್ರೆಯಲ್ಲಿ ಹೆಚ್ಚು ಅನ್ಯಾಯವಾದದ್ದು ಯಾರಿಗೆ ಎಂಬುದನ್ನು ಹೇಳಬೇಕು. ಬ್ರೇ ಎಣಿಸಿದ ಹುಡುಗಿಯರನ್ನು ನೆನೆಯಿರಿ. ಜೇನ್ ಆಸ್ಟೆನ್ 1790ರ ದಶಕದ ಕೊನೆಯಲ್ಲಿ ಬರೆದು, ಅವಳು ತೀರಿಕೊಂಡ ಮೇಲೆ ಅಚ್ಚಾದ 'ನಾರ್ಥ್ಯಾಂಗರ್ ಅಬಿ' ಕಾದಂಬರಿಯ ನಾಯಕಿ ಕ್ಯಾಥರೀನ್ ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಗಳಿಗಿಂತ ಕ್ರಿಕೆಟ್, ಬೇಸ್‌ಬಾಲ್, ಕುದುರೆ ಸವಾರಿಗಳನ್ನು ಮೆಚ್ಚುವವಳು. ಓದುಗರಿಗೆ ವಿವರಣೆ ಬೇಕೆಂದು ಆಸ್ಟೆನ್‌ಗೆ ಅನ್ನಿಸಿಲ್ಲ. ಹಳ್ಳಿಯ ಬದುಕನ್ನು ಬರೆದ ಮೇರಿ ರಸೆಲ್ ಮಿಟ್‌ಫರ್ಡ್ ಕೂಡ ಇದನ್ನು ಹುಡುಗಿಯರ ನಡುವೆಯೇ ಕಂಡಿದ್ದಾಳೆ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇಂಗ್ಲೆಂಡಿನ ಹಳ್ಳಿಗಳಲ್ಲಿ, ಚರ್ಚಿನ ಶಾಲೆಗಳ ವನಭೋಜನಗಳಲ್ಲಿ, ಹೆಂಗಸರು ಮಕ್ಕಳು ಮೆತ್ತನೆಯ ಚೆಂಡಿನಿಂದ ಈ ಹಳೆಯ ಬೇಸ್‌ಬಾಲನ್ನು ಆಡಿಕೊಂಡೇ ಇದ್ದರು. ಅದನ್ನು ಉಳಿಸಿ ಬೆಳೆಸಿದವರು ಅವರು. ಅಮೆರಿಕದ ಗಂಡಸರ ಕ್ಲಬ್ಬುಗಳು ಬರೆದ ನಿಯಮಗಳು ಜಗತ್ತಿಗೆ ಹಬ್ಬಿದಾಗ ಆ ಹಳ್ಳಿಯ ಆಟ ಸದ್ದಿಲ್ಲದೆ ನಿಂತಿತು. ಆಟದ ಮೂಲ ಹುಡುಕಲು 1905ರಲ್ಲಿ ಕೂತ ಆಯೋಗಕ್ಕೆ ಅವರಲ್ಲಿ ಒಬ್ಬಳನ್ನಾದರೂ ಕೇಳಬೇಕೆಂದು ತೋಚಲಿಲ್ಲ.

ಈ ಹಳೆಯ ಆಟಗಳ ಮನೆತನದ ಎರಡು ಕವಲುಗಳು ಇಂದಿಗೂ ಬ್ರಿಟನ್ನಿನಲ್ಲಿ ಜೀವಂತವಿವೆ. ಒಂದು ವೇಲ್ಸ್‌ನ ಕಾರ್ಡಿಫ್, ನ್ಯೂಪೋರ್ಟ್ ಕಡೆಯದು: 1892ರಲ್ಲಿ ರೌಂಡರ್ಸ್ ಹೆಸರು ಬಿಟ್ಟು ಬೇಸ್‌ಬಾಲ್ ಹೆಸರು ತೆಗೆದುಕೊಂಡ ಆಟ, ತಂಡಕ್ಕೆ ಹನ್ನೊಂದು ಜನ, ಎರಡು ಸರದಿ, ಇಂಗ್ಲೆಂಡ್ ಮತ್ತು ವೇಲ್ಸ್ ನಡುವೆ 1908ರಿಂದ ಅಂತರರಾಷ್ಟ್ರೀಯ ಪಂದ್ಯಗಳೂ ನಡೆದವು. ಇನ್ನೊಂದು ಸಸೆಕ್ಸ್‌ನ ಸ್ಟೂಲ್‌ಬಾಲ್. ಅದು ಸೊರಗುತ್ತಿದ್ದಾಗ, ಮೊದಲ ಮಹಾಯುದ್ಧದ ನಡುವೆ 1917ರಲ್ಲಿ, ಮೇಜರ್ ಗ್ರಾಂಥಮ್ ಎಂಬವನು ಗಾಯಗೊಂಡು ಮರಳಿದ ಸೈನಿಕರಿಗೆ ತಕ್ಕ ಆಟವೆಂದು ಅದನ್ನು ಎತ್ತಿ ನಿಲ್ಲಿಸಿದ. ಮೂರು ಕಾಲಿನ ಮಣೆಯ ಜಾಗದಲ್ಲಿ ಈಗ ಕಂಬದ ತಲೆಗೆ ಬಡಿದ ಚೌಕ ಹಲಗೆಯಿದೆ, ಕೈಯಲ್ಲಿ ದುಂಡು ಮುಖದ ದಾಂಡಿದೆ. ಬೇಸಗೆಯ ಸಂಜೆಗಳಲ್ಲಿ ಸಸೆಕ್ಸ್‌ನ ಹಳ್ಳಿ ತಂಡಗಳು ಲೀಗ್ ಪಂದ್ಯಗಳಲ್ಲಿ ಇದನ್ನು ಆಡುತ್ತವೆ, ಮತ್ತು ಆ ತಂಡಗಳಲ್ಲಿ ಹೆಚ್ಚಿನವು ಹೆಂಗಸರವು.